ಡೌನ್‌ಲೋಡ್ ಕಮಾಂಡಿಗೆ ಪ್ರೊಟೊಕಾಲ್ ಕಟ್ಟುಪಾಡು ಇರಲಿ

ಮಾನ್ಯ ಸಂಪಾದಕರಿಗೆ,

ಟರ್ಮಿನಲ್‌ನಲ್ಲಿ (ಕಮಾಂಡುಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ) ಒಂದೇ ಸಾಲಿನ ಕಮಾಂಡ್ ಕೊಟ್ಟು ತಂತ್ರಾಂಶವನ್ನು ಇಳಿಸಿಕೊಂಡು ಸ್ಥಾಪಿಸುವ ಕ್ರಮವನ್ನು ವಿವರಿಸಿ ತಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ಈಚೆಗೆ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಇಂಥ ವಿಷಯವನ್ನು ಕನ್ನಡದಲ್ಲಿ, ಅದೂ ನಮ್ಮ ಜಿಲ್ಲೆಯ ಕಾಲೇಜು ಮಕ್ಕಳ ಕೈಗೆ ಸಿಗುವ ಪುಟದಲ್ಲಿ ಬರೆಯುವವರು ಕಡಮೆ. ಲೇಖಕರ ಶ್ರಮಕ್ಕೆ ಮೊದಲಿಗೆ ಅಭಿನಂದನೆ ಸಲ್ಲಬೇಕು. ಆದರೆ ಅಲ್ಲಿ ಮುದ್ರಿತವಾದ, ಜಾಲದಿಂದ ಫೈಲು ತರುವ ಕರ್ಲ್ ಎಂಬ ಸಾಧನದ ಕಮಾಂಡಿನಲ್ಲಿ ಇರಲೇಬೇಕಾದ ಒಂದು ಕಟ್ಟುಪಾಡು ಇರಲಿಲ್ಲ. ಫೈಲನ್ನು ತರುವಾಗ ಕರ್ಲ್ ಯಾವ ಪ್ರೊಟೊಕಾಲ್ (ಯಂತ್ರಗಳು ಪರಸ್ಪರ ಮಾಹಿತಿ ಸಾಗಿಸುವ ನಿಯಮಾವಳಿ) ಬಳಸಬಹುದು, ಯಾವುದನ್ನು ಬಳಸಕೂಡದು ಎಂಬುದನ್ನು ಆ ಕಮಾಂಡ್ ಹೇಳುತ್ತಿರಲಿಲ್ಲ. ಆ ಕೊರತೆಯಿಂದ ಆಗಬಹುದಾದ ತೊಂದರೆಯನ್ನೂ ಅದನ್ನು ತುಂಬುವ ದಾರಿಯನ್ನೂ ತಮ್ಮ ಓದುಗರ ಮುಂದೆ ಇಡುವುದಕ್ಕಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಮತ್ತು ಘಟ್ಟದ ಕೆಳಗೆ ಕುಮಟಾ, ಹೊನ್ನಾವರದ ಕೆಲವು ಸಣ್ಣ ಸಂಸ್ಥೆಗಳ ಕಂಪ್ಯೂಟರ್ ವ್ಯವಸ್ಥೆಯನ್ನು ನೋಡಿಕೊಳ್ಳುವುದು ನನ್ನ ಉದ್ಯೋಗ. ಇಂಥ ಸಂಸ್ಥೆಗಳಲ್ಲಿ ಸರ್ವರ್ ನೋಡಿಕೊಳ್ಳುವುದಕ್ಕೆಂದೇ ಒಬ್ಬರನ್ನು ಇಟ್ಟುಕೊಳ್ಳುವ ಅನುಕೂಲವಿರುವುದಿಲ್ಲ. ಯಾರೋ ಒಬ್ಬರು ಎಲ್ಲಿಂದಲೋ ನಕಲು ಮಾಡಿ ತಂದ ಕಮಾಂಡನ್ನು ಅಂಟಿಸುತ್ತಾರೆ, ಅದು ಕೆಲಸ ಮಾಡುತ್ತದೆ, ಅದನ್ನೇ ಪ್ರತಿರಾತ್ರಿ ತಾನಾಗಿ ಓಡುವಂತೆ ಕ್ರಾನ್ ಎಂಬ ವೇಳಾಪಟ್ಟಿಯಲ್ಲಿ ಸೇರಿಸುತ್ತಾರೆ. ಸೇರಿಸಿದವರು ಊರು ಬಿಟ್ಟು ಬೆಂಗಳೂರಿಗೋ ಪುಣೆಗೋ ಹೋದ ಮೇಲೂ ಅದು ವರ್ಷಗಟ್ಟಲೆ ಓಡುತ್ತಲೇ ಇರುತ್ತದೆ. ಹಾಗಾಗಿ ಪತ್ರಿಕೆಯಲ್ಲಿ, ಪಠ್ಯದಲ್ಲಿ, ತರಬೇತಿಯ ಟಿಪ್ಪಣಿಯಲ್ಲಿ ಮೊದಲ ಸಲ ಕೊಡುವ ಕಮಾಂಡ್ ಹೇಗಿರುತ್ತದೆಯೋ ನಮ್ಮ ಕಡೆಯ ಯಂತ್ರಗಳಲ್ಲಿ ಉಳಿಯುವುದೂ ಅದೇ ಆಗಿರುತ್ತದೆ. ತಿದ್ದುವ ಎರಡನೆಯ ಅವಕಾಶ ಬರುವುದು ಅಪರೂಪ.

ಕರ್ಲ್ ಎಂಬುದು ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಅವರು 1998ರಲ್ಲಿ ಈ ಹೆಸರಿನಲ್ಲಿ ಬಿಡುಗಡೆ ಮಾಡಿ, ಅಂದಿನಿಂದ ಅನೇಕರ ನೆರವಿನೊಡನೆ ಬೆಳೆಸಿಕೊಂಡು ಬಂದಿರುವ ಮುಕ್ತ ತಂತ್ರಾಂಶ. ಲಿನಕ್ಸ್ ಮತ್ತು ಮ್ಯಾಕ್ ಬಳಸುವವರಿಗೆ ಇದು ಹಳೆಯ ಪರಿಚಯ. 2018ರಿಂದ ವಿಂಡೋಸ್ 10ರ ಜೊತೆಗೂ ಬರುತ್ತಿದೆ. ವೆಬ್ ಪುಟವನ್ನು ತರುವ ಸಾಧನವೆಂದು ಹೆಚ್ಚಿನವರು ಇದನ್ನು ಅರಿತಿದ್ದಾರೆ, ಆದರೆ ಅದರ ಶಕ್ತಿ ಅಷ್ಟಕ್ಕೇ ನಿಲ್ಲುವುದಿಲ್ಲ. ವೆಬ್ ಪುಟ ತರುವ ಎಚ್‌ಟಿಟಿಪಿ, ಅದರ ಗೂಢಲಿಪಿಯ ರೂಪವಾದ ಎಚ್‌ಟಿಟಿಪಿಎಸ್‌ಗಳ ಜೊತೆಗೆ ಎಫ್‌ಟಿಪಿ, ಎಸ್‌ಎಫ್‌ಟಿಪಿ, ಎಸ್‌ಸಿಪಿ, ಟಿಎಫ್‌ಟಿಪಿ, ಟೆಲ್‌ನೆಟ್, ಗೋಫರ್, ಡಿಕ್ಟ್, ಎಲ್‌ಡ್ಯಾಪ್, ಎಸ್‌ಎಂಬಿ, ಎಂಕ್ಯೂಟಿಟಿ, ಮಿಂಚಂಚೆಗೆ ಸಂಬಂಧಿಸಿದ ಐಮ್ಯಾಪ್, ಪಾಪ್3, ಎಸ್‌ಎಂಟಿಪಿ, ಇವಲ್ಲದೆ ತನ್ನದೇ ಯಂತ್ರದೊಳಗಿನ ಕಡತವನ್ನು ಓದುವ ‘ಫೈಲ್’ ಎಂಬುದೂ ಸೇರಿದಂತೆ 20ಕ್ಕೂ ಹೆಚ್ಚು ಪ್ರೊಟೊಕಾಲ್‌ಗಳನ್ನು ಅದು ಬಲ್ಲದು. ತಮ್ಮ ಯಂತ್ರದಲ್ಲಿರುವ ಕರ್ಲ್ ಯಾವುದನ್ನೆಲ್ಲ ಬಲ್ಲದೆಂದು ತಿಳಿಯಲು ‘--ವರ್ಶನ್’ ಎಂದು ಕೇಳಿದರೆ ಸಾಕು, ಪಟ್ಟಿ ತೆರೆದುಕೊಳ್ಳುತ್ತದೆ. (ಈ ಪತ್ರದಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿರುವ ಆಯ್ಕೆಗಳನ್ನೆಲ್ಲ ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ, ‘-ಎಲ್’ ಒಂದನ್ನು ದೊಡ್ಡಕ್ಷರದಲ್ಲಿ, ಉಳಿದವನ್ನು ಸಣ್ಣಕ್ಷರದಲ್ಲಿ ಟೈಪ್ ಮಾಡಬೇಕೆಂದು ಓದುಗರು ಗಮನಿಸಬೇಕು.)

ಈ ಪಟ್ಟಿಯಲ್ಲಿರುವ ಕೆಲವು ಪ್ರೊಟೊಕಾಲ್‌ಗಳು ಸುರಕ್ಷತೆಯ ಪ್ರಶ್ನೆ ಇಂದಿನಷ್ಟು ತೀವ್ರವಾಗಿರದ ಕಾಲದವು. ಗೋಫರ್ ಹುಟ್ಟಿದ್ದು 1991ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ. ಟಿಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಎಂಬ ಕಲ್ಪನೆಯೇ ಇಲ್ಲ. ಟೆಲ್‌ನೆಟ್ಟಿನಲ್ಲಿ ಟೈಪ್ ಮಾಡಿದ್ದೆಲ್ಲ ಮುಚ್ಚುಮರೆಯಿಲ್ಲದೆ ಹೋಗುತ್ತದೆ. ಇವುಗಳನ್ನು ಕರ್ಲ್‌ನಲ್ಲಿ ಉಳಿಸಿಕೊಂಡಿರುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಹಳೆಯ ಉಪಕರಣಗಳೊಡನೆ ವ್ಯವಹರಿಸಬೇಕಾದವರಿಗೆ ಅವು ಇಂದಿಗೂ ಬೇಕು. ಅಡಿಕೆ ಧಾರಣೆಯ ಒಂದು ಪಟ್ಟಿಯನ್ನು ತರುವ ಸ್ಕ್ರಿಪ್ಟಿಗೆ (ಕಮಾಂಡುಗಳನ್ನು ಬರೆದಿಟ್ಟ ಕಡತಕ್ಕೆ) ಅವುಗಳಲ್ಲಿ ಒಂದೂ ಬೇಡ ಎಂಬುದಷ್ಟೇ ನನ್ನ ಮಾತು. ಬೇಡದ ಶಕ್ತಿಯನ್ನು ಆ ಸ್ಕ್ರಿಪ್ಟಿನ ಕೈಯಿಂದ ತೆಗೆದಿಡುವ ಆಯ್ಕೆಯನ್ನು ಕರ್ಲ್ ತಾನೇ ಕೊಟ್ಟಿರುವಾಗ ಅದನ್ನು ಬಳಸದೆ ಬಿಡಲು ಕಾರಣವಿಲ್ಲ.

ಆ ಆಯ್ಕೆಯ ಹೆಸರು ‘--ಪ್ರೊಟೊ’. 2010ರಲ್ಲಿ 7.20.2ನೆಯ ಆವೃತ್ತಿಯಲ್ಲಿ ಇದು ಸೇರಿತು. ಇದರ ಮುಂದೆ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಪ್ರೊಟೊಕಾಲ್‌ಗಳ ಪಟ್ಟಿಯನ್ನು ಕೊಡಬೇಕು. ಕರ್ಲ್ ಅದನ್ನು ಎಡದಿಂದ ಬಲಕ್ಕೆ ಓದುತ್ತದೆ. ಪ್ರತಿ ಹೆಸರಿಗೂ ಮೊದಲು ಒಂದು ಚಿಹ್ನೆಯನ್ನು ಇಡಬಹುದು. ಕೂಡುವ ಚಿಹ್ನೆಯಿದ್ದರೆ ಈಗಾಗಲೇ ಒಪ್ಪಿಗೆಯಿರುವ ಪ್ರೊಟೊಕಾಲ್‌ಗಳ ಜೊತೆಗೆ ಇದಕ್ಕೂ ಒಪ್ಪಿಗೆ, ಕಳೆಯುವ ಚಿಹ್ನೆಯಿದ್ದರೆ ಇದಕ್ಕೆ ನಿಷೇಧ, ಸಮ ಚಿಹ್ನೆಯಿದ್ದರೆ ಹಿಂದಿನದನ್ನೆಲ್ಲ ಬದಿಗಿಟ್ಟು ಇದೊಂದಕ್ಕೇ ಒಪ್ಪಿಗೆ. ಚಿಹ್ನೆಯನ್ನೇ ಇಡದಿದ್ದರೆ ಕೂಡುವ ಚಿಹ್ನೆ ಇದೆಯೆಂದೇ ಕರ್ಲ್ ತಿಳಿಯುತ್ತದೆ.

ಈ ಕೊನೆಯ ಮಾತಿನ ಬಗ್ಗೆ ನಾನು ಸ್ವಲ್ಪ ವಿಸ್ತಾರವಾಗಿ ಹೇಳಲೇಬೇಕು, ಏಕೆಂದರೆ ಈ ಆಯ್ಕೆಯನ್ನು ಬಳಸಿಯೂ ಬಳಸದಂತಾಗಿರುವ ಸ್ಕ್ರಿಪ್ಟುಗಳನ್ನು ನಾನು ಕಂಡಿದ್ದೇನೆ. ‘--ಪ್ರೊಟೊ ಎಚ್‌ಟಿಟಿಪಿಎಸ್’ ಎಂದು ಬರೆದವರು ಎಚ್‌ಟಿಟಿಪಿಎಸ್ ಒಂದನ್ನೇ ಬಳಸೆಂದು ಹೇಳಿದೆವೆಂದು ನಂಬುತ್ತಾರೆ. ವಾಸ್ತವದಲ್ಲಿ ಅವರು ಹೇಳಿರುವುದು, ಮೊದಲೇ ಒಪ್ಪಿಗೆಯಿರುವ ಎಲ್ಲದರ ಜೊತೆಗೆ ಎಚ್‌ಟಿಟಿಪಿಎಸ್‌ಗೂ ಒಪ್ಪಿಗೆಯಿದೆ ಎಂದು. ಎಚ್‌ಟಿಟಿಪಿಎಸ್‌ಗೆ ಒಪ್ಪಿಗೆ ಮೊದಲೇ ಇತ್ತಾದ್ದರಿಂದ ಆ ಸಾಲಿನಿಂದ ಏನೂ ಬದಲಾಗಲಿಲ್ಲ. ಗೋಫರ್, ಟೆಲ್‌ನೆಟ್, ಫೈಲ್ ಎಲ್ಲವೂ ಹಿಂದಿನಂತೆಯೇ ತೆರೆದಿವೆ. ಕಮಾಂಡ್ ಯಾವ ದೋಷವನ್ನೂ ತೋರಿಸುವುದಿಲ್ಲ, ಫೈಲು ಸರಿಯಾಗಿಯೇ ಬರುತ್ತದೆ, ಪರಿಶೀಲಿಸಲು ಬಂದವರ ಕಣ್ಣಿಗೂ ಅಲ್ಲಿ ಸುರಕ್ಷತೆಯ ಸಾಲೊಂದು ಇರುವಂತೆಯೇ ಕಾಣುತ್ತದೆ. ‘--ಪ್ರೊಟೊ =ಎಚ್‌ಟಿಟಿಪಿಎಸ್’ ಎಂದು ಆ ಸಮ ಚಿಹ್ನೆಯನ್ನು ಸೇರಿಸಿದಾಗ ಮಾತ್ರ ಕಟ್ಟುಪಾಡು ನಿಜವಾಗುತ್ತದೆ. ಒಂದೇ ಒಂದು ಚಿಹ್ನೆಯ ಮೇಲೆ ಇಷ್ಟು ನಿಂತಿರುವುದರಿಂದ, ಪಾಠ ಹೇಳುವವರು ಇದನ್ನು ಬಾಯಲ್ಲಿ ಹೇಳಿ ಮುಗಿಸದೆ ಬೋರ್ಡಿನ ಮೇಲೆ ಬರೆದೇ ತೋರಿಸಬೇಕೆಂದು ನನ್ನ ವಿನಂತಿ.

ಬೇಡದ್ದನ್ನು ಒಂದೊಂದಾಗಿ ಕಳೆಯುತ್ತ ಹೋಗುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಗೋಫರ್ ಬೇಡ, ಟೆಲ್‌ನೆಟ್ ಬೇಡ, ಫೈಲ್ ಬೇಡ ಎಂದು ಪಟ್ಟಿ ಮಾಡಿದವರಿಗೆ ಮುಂದೆ ಸೇರಲಿರುವುದು ತಿಳಿದಿರುವುದಿಲ್ಲ. 2024ರ ನವೆಂಬರಿನಲ್ಲಿ ಬಂದ 8.11.0ನೆಯ ಆವೃತ್ತಿಯಿಂದ ವೆಬ್‌ಸಾಕೆಟ್ ಪ್ರೊಟೊಕಾಲ್ ಕರ್ಲ್‌ನ ಅಧಿಕೃತ ಭಾಗವಾಯಿತು. ಐದು ವರ್ಷ ಹಿಂದೆ ಬರೆದ ನಿಷೇಧದ ಪಟ್ಟಿಯಲ್ಲಿ ಅದರ ಹೆಸರು ಇರಲು ಸಾಧ್ಯವಿಲ್ಲ. ಕಾಗುಣಿತದ ತಪ್ಪಿನ ಪರಿಣಾಮವೂ ಎರಡು ಪದ್ಧತಿಗಳಲ್ಲಿ ಬೇರೆ ಬೇರೆಯಾಗಿದೆ. ನಿಷೇಧಿಸುವಾಗ ಗೋಫರಿನ ಒಂದಕ್ಷರ ತಪ್ಪಿದರೆ ಕರ್ಲ್ ಒಂದು ಎಚ್ಚರಿಕೆಯ ಸಾಲನ್ನಷ್ಟೇ ತೋರಿಸಿ ಕೆಲಸ ಮುಂದುವರಿಸುತ್ತದೆ, ಗೋಫರ್ ತೆರೆದೇ ಇರುತ್ತದೆ, ರಾತ್ರಿ ಎರಡು ಗಂಟೆಗೆ ಕ್ರಾನ್‌ನಲ್ಲಿ ಓಡುವ ಸ್ಕ್ರಿಪ್ಟಿನ ಎಚ್ಚರಿಕೆಯನ್ನು ಓದಲು ಯಾರೂ ಎದ್ದಿರುವುದಿಲ್ಲ. ಸಮ ಚಿಹ್ನೆಯೊಡನೆ ಬರೆದ ಏಕೈಕ ಹೆಸರಿನಲ್ಲಿ ಅಕ್ಷರ ತಪ್ಪಿದರೆ ಈಗಿನ ಆವೃತ್ತಿಗಳಲ್ಲಿ ಯಾವ ಪ್ರೊಟೊಕಾಲಿಗೂ ಒಪ್ಪಿಗೆ ಉಳಿಯದೆ ಕೆಲಸವೇ ನಿಂತುಹೋಗುತ್ತದೆ. ನಿಂತದ್ದು ಬೆಳಿಗ್ಗೆ ಗಮನಕ್ಕೆ ಬರುತ್ತದೆ, ತೆರೆದಿದ್ದದ್ದು ಬರುವುದಿಲ್ಲ.

ಬಳಸುವವರಿಗೆ ಅಡ್ಡಿಯಾಗಬಹುದಾದ ಎರಡು ಸಣ್ಣ ವಿಷಯಗಳಿವೆ. 2019ರಿಂದ ಮ್ಯಾಕ್‌ನಲ್ಲಿ ತಾನಾಗಿ ಬರುವ ಜ಼ಡ್-ಶೆಲ್‌ನಲ್ಲಿ (ಶೆಲ್ ಎಂದರೆ ಕಮಾಂಡುಗಳನ್ನು ಓದಿ ಓಡಿಸುವ ತಂತ್ರಾಂಶ) ಪದದ ಆರಂಭದ ಸಮ ಚಿಹ್ನೆಗೆ ಬೇರೆಯೇ ಅರ್ಥವಿದೆ; ಆದ್ದರಿಂದ ‘=ಎಚ್‌ಟಿಟಿಪಿಎಸ್’ ಎಂಬುದನ್ನು ಉದ್ಧರಣ ಚಿಹ್ನೆಗಳ ನಡುವೆಯೇ ಬರೆಯಬೇಕು. ವಿಂಡೋಸ್ ಜೊತೆಗೆ ಬರುವ ಹಳೆಯ ಪವರ್‌ಶೆಲ್‌ನಲ್ಲಿ ಕರ್ಲ್ ಎಂದಷ್ಟೇ ಟೈಪ್ ಮಾಡಿದರೆ ಓಡುವುದು ಬೇರೊಂದು ಕಮಾಂಡ್. ಅಲ್ಲಿ ಹೆಸರಿನ ಕೊನೆಗೆ ‘.ಇಎಕ್ಸ್‌ಇ’ ಸೇರಿಸಬೇಕು. ಕಟ್ಟುಪಾಡು ಕೆಲಸ ಮಾಡುತ್ತಿದೆಯೇ ಎಂದು ನೋಡಲು, ಅದೇ ಕಮಾಂಡಿನಲ್ಲಿ ವಿಳಾಸದ ಆರಂಭವನ್ನು ಬೇಕೆಂದೇ ಎಚ್‌ಟಿಟಿಪಿ ಎಂದು ಬದಲಿಸಿ ಓಡಿಸಿದರೆ, ಯಾವ ಸಂಪರ್ಕವನ್ನೂ ಮಾಡದೆ ಕರ್ಲ್ 1 ಎಂಬ ದೋಷಸಂಖ್ಯೆಯೊಡನೆ ನಿಲ್ಲಬೇಕು. ಈ ಪರೀಕ್ಷೆಯನ್ನು ಮಾಡದೆ ಯಾವ ಸ್ಕ್ರಿಪ್ಟನ್ನೂ ಒಪ್ಪಿಕೊಳ್ಳಬಾರದೆಂಬುದು ನಾನು ಪಾಲಿಸಿಕೊಂಡು ಬಂದಿರುವ ಕ್ರಮ.

ಇನ್ನು ರೀಡೈರೆಕ್ಟಿನ ವಿಷಯ. ನಾವು ಒಂದು ವಿಳಾಸ ಕೇಳಿದಾಗ ಅಲ್ಲಿಯ ಸರ್ವರ್ ‘ನೀನು ಕೇಳಿದ್ದು ಅಲ್ಲಿದೆ’ ಎಂದು ಇನ್ನೊಂದು ವಿಳಾಸವನ್ನು ತೋರಿಸುವುದುಂಟು. ಕರ್ಲ್ ತಾನಾಗಿ ಆ ಇನ್ನೊಂದು ವಿಳಾಸಕ್ಕೆ ಹೋಗುವುದಿಲ್ಲ. ‘-ಎಲ್’ ಎಂಬ ಆಯ್ಕೆ ಕೊಟ್ಟರೆ ಹೋಗುತ್ತದೆ, ಮತ್ತು ತಂತ್ರಾಂಶ ಇಳಿಸುವ ಹೆಚ್ಚಿನ ಕಮಾಂಡುಗಳಲ್ಲಿ ಆ ಆಯ್ಕೆ ಇದ್ದೇ ಇರುತ್ತದೆ. ನಾವು ಬರೆದ ಮೊದಲ ವಿಳಾಸ ಎಚ್‌ಟಿಟಿಪಿಎಸ್ ಆಗಿದ್ದರೂ ಎರಡನೆಯದು ಏನೆಂದು ನಿರ್ಧರಿಸುವುದು ಆಚೆ ಬದಿಯವರು. ತೋಟದ ಎದುರಿನ ಉಣಗೋಲನ್ನು ಭದ್ರವಾಗಿ ಹಾಕಿ, ಹಿಂದಿನ ಕಾಲುದಾರಿಯ ಬೇಲಿಯನ್ನು ಬಿಚ್ಚಿಟ್ಟರೆ ದನ ನುಗ್ಗದೆ ಇರುತ್ತದೆಯೇ?

ಇದು ಊಹೆಯ ಅಪಾಯವಲ್ಲ. 2009ರ ಮಾರ್ಚಿನಲ್ಲಿ ಕರ್ಲ್ ಯೋಜನೆಯವರೇ ಇದಕ್ಕೆ ಸಂಬಂಧಿಸಿದ ದೋಷವೊಂದನ್ನು ಪ್ರಕಟಿಸಿ 7.19.4ನೆಯ ಆವೃತ್ತಿಯಲ್ಲಿ ಸರಿಪಡಿಸಿದರು. ಅಲ್ಲಿಯವರೆಗೆ, ದುರುದ್ದೇಶದ ವೆಬ್ ಸರ್ವರ್ ಒಂದು ‘ಫೈಲ್’ ಪ್ರೊಟೊಕಾಲಿನ ವಿಳಾಸಕ್ಕೆ ರೀಡೈರೆಕ್ಟ್ ಮಾಡಿ, ಕರ್ಲ್ ಓಡುತ್ತಿರುವ ಯಂತ್ರದ ಒಳಗಿನ ಕಡತಗಳನ್ನೇ ಅದರಿಂದ ಓದಿಸಬಹುದಾಗಿತ್ತು. ಆ ತಿದ್ದುಪಡಿಯ ನಂತರ ಫೈಲ್ ಮತ್ತು ಎಸ್‌ಸಿಪಿಗಳಿಗೆ ರೀಡೈರೆಕ್ಟ್ ಮೂಲಕ ಹೋಗುವುದು ನಿಂತಿತಾದರೂ ಉಳಿದವಕ್ಕೆ ಒಪ್ಪಿಗೆ ಮುಂದುವರಿದಿತ್ತು. 2019ರ 7.65.2ನೆಯ ಆವೃತ್ತಿಯಿಂದ ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್, ಎಫ್‌ಟಿಪಿ, ಎಫ್‌ಟಿಪಿಎಸ್ ಈ ನಾಲ್ಕಕ್ಕೆ ಮಾತ್ರ ರೀಡೈರೆಕ್ಟ್ ಒಪ್ಪಿಗೆ ಉಳಿದಿದೆ. ಇದು ದೊಡ್ಡ ಸುಧಾರಣೆ. ಆದರೂ ಆ ನಾಲ್ಕರಲ್ಲಿ ಗೂಢಲಿಪಿಯಿಲ್ಲದ ಎಚ್‌ಟಿಟಿಪಿ ಇದೆ, ಎಫ್‌ಟಿಪಿ ಇದೆ ಎಂಬುದನ್ನು ಮರೆಯುವಂತಿಲ್ಲ. ಎಚ್‌ಟಿಟಿಪಿಎಸ್‌ನಿಂದ ಆರಂಭವಾದ ಪಯಣ ಎಚ್‌ಟಿಟಿಪಿಗೆ ಇಳಿಯಲು ಈಗಲೂ ಅಡ್ಡಿಯಿಲ್ಲ. ‘--ಪ್ರೊಟೊ =ಎಚ್‌ಟಿಟಿಪಿಎಸ್’ ಎಂದಿದ್ದರೆ ಆ ನಿರ್ಬಂಧ ರೀಡೈರೆಕ್ಟಿಗೂ ಅನ್ವಯಿಸುತ್ತದೆ, ಅಲ್ಲಿ ನಿಷೇಧಿಸಿದ್ದನ್ನು ಬೇರೆ ಆಯ್ಕೆ ಮರಳಿ ತೆರೆಯಲಾರದು. ಮೊದಲ ವಿಳಾಸಕ್ಕೆ ಒಂದು ನಿಯಮ, ರೀಡೈರೆಕ್ಟಿಗೆ ಇನ್ನೂ ಬಿಗಿಯಾದ ನಿಯಮ ಬೇಕಾದವರಿಗೆ ‘--ಪ್ರೊಟೊ-ರೀಡೈರ್’ ಎಂಬ ಪ್ರತ್ಯೇಕ ಆಯ್ಕೆಯಿದೆ.

ಎಚ್‌ಟಿಟಿಪಿಗೆ ಇಳಿಯುವುದು ನಮ್ಮ ಜಿಲ್ಲೆಯಲ್ಲಿ ಯಾಕೆ ಚಿಂತೆಯ ವಿಷಯವೆಂದರೆ, ಇಲ್ಲಿ ಒಂದೇ ಭರವಸೆಯ ಸಂಪರ್ಕವನ್ನು ನೆಚ್ಚಿಕೊಂಡು ಕೆಲಸ ಮಾಡುವ ಸ್ಥಿತಿ ಎಲ್ಲ ಕಡೆ ಇಲ್ಲ. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ಕಡಿದಾಗ, ಕರೆಂಟ್ ಹೋಗಿ ಟವರ್ ಸುಮ್ಮನಾದಾಗ, ಜೋಯಿಡಾದ ಅಥವಾ ಸಿದ್ದಾಪುರದ ಒಳ ಊರುಗಳಲ್ಲಿ ಸಿಗ್ನಲ್ ಸಿಕ್ಕ ಗುಡ್ಡದ ನೆತ್ತಿಯಲ್ಲೇ ನಿಂತು ಕೆಲಸ ಮುಗಿಸಬೇಕಾದಾಗ, ಪಕ್ಕದವರ ಹಾಟ್‌ಸ್ಪಾಟ್, ಬಸ್ ನಿಲ್ದಾಣದ ವೈಫೈ, ಗೋಕರ್ಣದ ವಸತಿಗೃಹದ ವೈಫೈ, ಹೀಗೆ ಯಾವುದು ಸಿಗುತ್ತದೋ ಅದನ್ನು ಹಿಡಿದುಕೊಳ್ಳುತ್ತೇವೆ. ಇಂಥ ಅನೇಕ ವೈಫೈಗಳು ಮೊದಲು ತಮ್ಮ ಲಾಗಿನ್ ಪುಟವನ್ನು ತೋರಿಸುತ್ತವೆ. ಎಚ್‌ಟಿಟಿಪಿ ವಿಳಾಸ ಯಾವುದನ್ನು ಕೇಳಿದರೂ ಬರುವುದು ಆ ಪುಟವೇ. ನಾವು ಕೇಳಿದ ಫೈಲಿನ ಜಾಗದಲ್ಲಿ ಬೇರೊಂದನ್ನು ಇಡುವುದು ನಡುವಿನ ಜಾಲಕ್ಕೆ ಎಷ್ಟು ಸುಲಭವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಲಾಗಿನ್ ಪುಟದ ಬದಲು ದುರುದ್ದೇಶದ ಸ್ಕ್ರಿಪ್ಟನ್ನು ಇಡುವವರಿಗೂ ಅಷ್ಟೇ ಸುಲಭ. ಅದನ್ನು ನಾವು ಅಲ್ಲಿಂದಲ್ಲಿಗೇ ಶೆಲ್ಲಿಗೆ ದಾಟಿಸಿ ಓಡಿಸಿದರೆ, ಅದರಲ್ಲೂ ರೂಟ್ ಎಂಬ, ಯಂತ್ರದ ಮೇಲಿನ ಪೂರ್ಣ ಅಧಿಕಾರದಲ್ಲಿ ಓಡಿಸಿದರೆ, ಯಂತ್ರ ನಮ್ಮ ಕೈಯಲ್ಲಿ ಉಳಿಯುವುದಿಲ್ಲ.

ಘಟ್ಟದ ಮೇಲಿನ ಒಂದು ಸಂಸ್ಥೆಯಲ್ಲಿ ಚಾಲಿ, ರಾಶಿ, ಕೆಂಪುಗೋಟು ಎಂಬ ಅಡಿಕೆ ಬಗೆಗಳ ಧಾರಣೆಯನ್ನು ದಿನವೂ ತಂದು ಫಲಕದಲ್ಲಿ ತೋರಿಸುವ ಸ್ಕ್ರಿಪ್ಟೊಂದು ಹೀಗೆಯೇ ಓಡುತ್ತಿದ್ದುದನ್ನು ನೋಡಿದೆ. ಧಾರಣೆಯ ಅಂಕಿಗಳ ಜೊತೆಗೆ ತನ್ನ ಹೊಸ ಆವೃತ್ತಿಯನ್ನೂ ಅದೇ ಎಚ್‌ಟಿಟಿಪಿ ವಿಳಾಸದಿಂದ ತಂದು ತಾನೇ ಸ್ಥಾಪಿಸಿಕೊಳ್ಳುವಂತೆ ಅದನ್ನು ಬರೆದಿದ್ದರು, ಮತ್ತು ಓಡುತ್ತಿದ್ದದ್ದು ರೂಟ್ ಹೆಸರಿನಲ್ಲಿ. ಸದಸ್ಯರ ಲೆಕ್ಕಪತ್ರಗಳಿದ್ದದ್ದು ಅದೇ ಯಂತ್ರದಲ್ಲಿ. ಅನಾಹುತ ಆಗಿರಲಿಲ್ಲ. ಆದರೆ ಒಂದು ದಿನ ರಾಶಿಯ ಧಾರಣೆ ಫಲಕದಲ್ಲಿ ತಪ್ಪಾಗಿ ಬಂದಿದ್ದರೂ ಅದನ್ನು ನೆಚ್ಚಿ ಮಾಲು ಬಿಟ್ಟ ಬೆಳೆಗಾರನಿಗೆ ಆಗುವ ನಷ್ಟ ಸಣ್ಣದಲ್ಲ. ಲೆಕ್ಕಪತ್ರದ ಮಾತಂತೂ ಬೇರೆಯೇ. ಕಡಲ ಕರೆಯಲ್ಲಿ ಅಲೆಯ ಎತ್ತರದ, ಗಾಳಿಯ ಮುನ್ನೆಚ್ಚರಿಕೆಯನ್ನು ಸ್ಕ್ರಿಪ್ಟಿನ ಮೂಲಕ ತರಿಸಿ ಮೀನುಗಾರರಿಗೆ ಸಂದೇಶ ಕಳಿಸುವ ಉತ್ಸಾಹಿಗಳು ಈ ದೃಷ್ಟಿಯಿಂದ ಇನ್ನೂ ಹೆಚ್ಚಿನ ಎಚ್ಚರ ವಹಿಸಬೇಕು.

ಸರಿಯಾದ ಮಾದರಿಗೆ ದೂರ ಹುಡುಕಬೇಕಿಲ್ಲ. ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಸ್ಥಾಪಿಸಲು ಅದರ ಅಧಿಕೃತ ತಾಣ ಕೊಡುವ ಕಮಾಂಡ್ ಶುರುವಾಗುವುದೇ ‘--ಪ್ರೊಟೊ’, ಉದ್ಧರಣ ಚಿಹ್ನೆಗಳ ನಡುವೆ ‘=ಎಚ್‌ಟಿಟಿಪಿಎಸ್’ ಎಂದು. ಅದರ ಹಿಂದೆಯೇ, ಎಚ್‌ಟಿಟಿಪಿಎಸ್ ಬಳಸುವ ಗೂಢಲಿಪಿ ಪದ್ಧತಿಯಾದ ಟಿಎಲ್‌ಎಸ್ 1.2ಕ್ಕಿಂತ ಹಳೆಯದು ಬೇಡವೆಂಬ ಷರತ್ತು ಇದೆ, ಮತ್ತು ಸರ್ವರ್ ದೋಷದ ಪುಟವನ್ನು ಕಳಿಸಿದಾಗ ಅದನ್ನು ಸ್ಕ್ರಿಪ್ಟೆಂದು ಶೆಲ್ಲಿಗೆ ಕೊಡದೆ ನಿಲ್ಲಿಸುವ ‘-ಎಫ್’ ಇದೆ. ತಮ್ಮ ಪುಟದಲ್ಲಿ ಬಂದ ಕಮಾಂಡ್ ಇದೇ ಅಚ್ಚಿನಲ್ಲಿ ಇದ್ದಿದ್ದರೆ ಈ ಪತ್ರದ ಅಗತ್ಯ ಬೀಳುತ್ತಿರಲಿಲ್ಲ. ವಿಳಾಸದ ಆರಂಭದಲ್ಲಿ ಪ್ರೊಟೊಕಾಲ್ ಬರೆಯದೆ ಬರೀ ತಾಣದ ಹೆಸರು ಕೊಟ್ಟರೆ ಕರ್ಲ್ ಸಾಮಾನ್ಯವಾಗಿ ಎಚ್‌ಟಿಟಿಪಿ ಎಂದೇ ಊಹಿಸಿಕೊಳ್ಳುತ್ತದೆ ಎಂಬುದನ್ನೂ ವಿದ್ಯಾರ್ಥಿಗಳಿಗೆ ಹೇಳಬೇಕು. ವಿಳಾಸವನ್ನು ಪೂರ್ತಿಯಾಗಿ ಬರೆಯುವ ಅಭ್ಯಾಸವೇ ಒಳ್ಳೆಯದು.

ಇಷ್ಟೆಲ್ಲ ಕಟ್ಟುಪಾಡನ್ನು ಒಂದೇ ಅಕ್ಷರದಿಂದ ಹಾಳುಮಾಡುವ ಆಯ್ಕೆಯೂ ಕರ್ಲ್‌ನಲ್ಲಿದೆ, ಅದು ‘-ಕೆ’. ಸರ್ವರಿನ ಗುರುತನ್ನು ಖಾತ್ರಿಪಡಿಸುವ ಪ್ರಮಾಣಪತ್ರ ಸರಿಯಿಲ್ಲದಿದ್ದರೂ ಪರವಾಗಿಲ್ಲ ಎಂಬುದು ಅದರ ಅರ್ಥ. ಪ್ರಮಾಣಪತ್ರದ ಅವಧಿ ಮುಗಿದ ತಾಣಗಳು ಎದುರಾದಾಗ ಕೆಲಸ ನಿಲ್ಲಬಾರದೆಂದು ಇದನ್ನು ಸೇರಿಸಿ, ಆಮೇಲೆ ತೆಗೆಯುವುದನ್ನು ಬಿಟ್ಟುಬಿಡುತ್ತಾರೆ. ಎಚ್‌ಟಿಟಿಪಿಎಸ್ ಮಾತ್ರ ಎಂದು ಹೇಳಿ, ಎದುರಿರುವವರು ಯಾರಾದರೂ ಆಗಲಿ ಎಂದೂ ಹೇಳಿದರೆ ಮೊದಲ ಮಾತಿಗೆ ಬೆಲೆಯಿಲ್ಲ. 2015ರ ಕೊನೆಯಿಂದ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಉಚಿತವಾಗಿಯೇ ಪ್ರಮಾಣಪತ್ರ ಕೊಡುತ್ತಿರುವಾಗ ತಾಣ ನಡೆಸುವವರ ಕಡೆಯಿಂದಲೂ ಇದಕ್ಕೆ ಸಬೂಬು ಇರಬಾರದು.

ಮೇಲೆ ಹೇಳಿದ್ದು ನಾವೇ ಬರೆದ ವಿಳಾಸದ ಮಾತಾಯಿತು. ವಿಳಾಸವನ್ನು ಬೇರೆಯವರು ಬರೆಯುವ ಸಂದರ್ಭ ಇದಕ್ಕಿಂತ ಗಂಭೀರವಾದುದು. ನಮ್ಮ ಕಾಲೇಜುಗಳ ಕೊನೆಯ ವರ್ಷದ ಪ್ರಾಜೆಕ್ಟುಗಳಲ್ಲಿ, ಸಣ್ಣ ಸಂಸ್ಥೆಗಳಿಗೆ ಹುಡುಗರು ಮಾಡಿಕೊಡುವ ವೆಬ್ ತಾಣಗಳಲ್ಲಿ, ‘ನಿಮ್ಮ ಫೋಟೊದ ಲಿಂಕ್ ಕೊಡಿ’ ಎಂಬ ಖಾನೆಯನ್ನು ಆಗಾಗ ಕಾಣುತ್ತೇನೆ. ಸದಸ್ಯ ಲಿಂಕ್ ಕೊಟ್ಟ ಕೂಡಲೇ ಸರ್ವರಿನಲ್ಲಿ ಪಿಎಚ್‌ಪಿ ಭಾಷೆಯಲ್ಲಿ ಬರೆದ ಪ್ರೋಗ್ರಾಮು ಕರ್ಲ್‌ನದೇ ಗ್ರಂಥಾಲಯವಾದ ಲಿಬ್‌ಕರ್ಲ್ ಬಳಸಿ ಆ ಚಿತ್ರವನ್ನು ತರುತ್ತದೆ. ಅಲ್ಲಿ ಪ್ರೊಟೊಕಾಲ್ ನಿರ್ಬಂಧವಿಲ್ಲದಿದ್ದರೆ, ಲಿಂಕಿನ ಖಾನೆಯಲ್ಲಿ ಯಾರಾದರೂ ‘ಫೈಲ್’ ಎಂದು ಆರಂಭವಾಗುವ ವಿಳಾಸ ಬರೆದು, ಡೇಟಾಬೇಸಿನ ಪಾಸ್‌ವರ್ಡ್ ಇರುವ ಕಡತವನ್ನು ಸರ್ವರಿನಿಂದಲೇ ಓದಿಸಿಕೊಳ್ಳಬಹುದು. ಗೋಫರಿನ ವಿಳಾಸದ ಮೂಲಕವಂತೂ ತಮಗೆ ಬೇಕಾದ ಅಕ್ಷರಗಳನ್ನು ಬೇಕಾದ ಪೋರ್ಟಿಗೆ (ಯಂತ್ರದ ಒಂದೊಂದು ಸೇವೆಗೂ ಇರುವ ಸಂಖ್ಯೆಯ ಬಾಗಿಲಿಗೆ) ಕಳಿಸಲು ಬರುತ್ತದೆ. ಹೊರಗಿನಿಂದ ತಲುಪಲಾಗದ, ಒಳಗಿನವರೆಂಬ ನಂಬಿಕೆಯಿಂದ ಪಾಸ್‌ವರ್ಡಿಲ್ಲದೆ 6379ನೆಯ ಪೋರ್ಟಿನಲ್ಲಿ ಓಡುತ್ತಿರುವ ರೆಡಿಸ್‌ನಂಥ ಡೇಟಾಬೇಸಿಗೆ ಹೀಗೆ ಆಜ್ಞೆ ಕೊಟ್ಟ ನಿದರ್ಶನಗಳು ಭದ್ರತಾ ಪರೀಕ್ಷಕರಿಗೆ ಚೆನ್ನಾಗಿ ಗೊತ್ತು. ಲಿಬ್‌ಕರ್ಲ್‌ನಲ್ಲಿ ಇದನ್ನು ತಡೆಯುವ ಆಯ್ಕೆಗಳು ಎರಡು, ಒಂದು ಮೊದಲ ವಿಳಾಸಕ್ಕೆ, ಒಂದು ರೀಡೈರೆಕ್ಟಿಗೆ. 2022ರ 7.85.0ನೆಯ ಆವೃತ್ತಿಯಿಂದ ಪ್ರೊಟೊಕಾಲ್‌ಗಳ ಹೆಸರನ್ನೇ ಅಕ್ಷರದಲ್ಲಿ ಬರೆಯುವ ಹೊಸ ರೂಪ ಬಂದಿದೆ, ಪಿಎಚ್‌ಪಿ 8.3ರಿಂದ ಅಲ್ಲಿಯೂ ಲಭ್ಯವಿದೆ. ಹಳೆಯ ಪಿಎಚ್‌ಪಿಯಲ್ಲಿ ಹಳೆಯ ರೂಪ ಸಾಕು.

ಆದರೆ ಇದರಿಂದ ಎಲ್ಲವೂ ಮುಗಿಯಿತೆಂದು ಯಾರೂ ಭಾವಿಸಬಾರದು. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನಲ್ಲಿ ಆ ದೇಶದ ಸುಮಾರು 10 ಕೋಟಿ ಮತ್ತು ಕೆನಡಾದ ಸುಮಾರು 60 ಲಕ್ಷ ಜನರ ಮಾಹಿತಿ ಸೋರಿದ್ದು, ಕ್ಲೌಡ್ ಸರ್ವರ್ ಒಂದರ ಕೈಯಿಂದ ಒಳಜಾಲದ 169.254.169.254 ಎಂಬ ವಿಳಾಸವನ್ನು ಕೇಳಿಸಿ ಕೀಲಿಗಳನ್ನು ಪಡೆದದ್ದರಿಂದ. ಅಲ್ಲಿ ಬಳಕೆಯಾದದ್ದು ಸಾಮಾನ್ಯ ಎಚ್‌ಟಿಟಿಪಿಯೇ. ಎಚ್‌ಟಿಟಿಪಿಗೆ ಒಪ್ಪಿಗೆಯಿರುವ ಸರ್ವರಿನಲ್ಲಿ ಪ್ರೊಟೊಕಾಲ್ ನಿರ್ಬಂಧ ಇಂಥದನ್ನು ತಡೆಯಲಾರದು. ಯಾವ ತಾಣ, ಯಾವ ಐಪಿ ವಿಳಾಸ, ಯಾವ ಪೋರ್ಟ್ ಎಂಬ ಬೇರೆ ನಿರ್ಬಂಧಗಳೂ ಬೇಕು. ಹೊರಗಿನವರು ಕೊಟ್ಟ ವಿಳಾಸವನ್ನು ಸರ್ವರಿನಿಂದ ತರಿಸುವ ಯಾವುದೇ ಯೋಜನೆಯ ಮೌಲ್ಯಮಾಪನದಲ್ಲಿ ಈ ನಾಲ್ಕನ್ನೂ ಕೇಳಬೇಕೆಂದು ಪ್ರಾಧ್ಯಾಪಕರಲ್ಲಿ ನನ್ನ ಕೋರಿಕೆ.

ಪ್ರತಿ ಕಮಾಂಡಿನಲ್ಲೂ ಇದನ್ನು ಬರೆಯುವ ಬದಲು ಮನೆಯ ಫೋಲ್ಡರಿನಲ್ಲಿರುವ ‘.ಕರ್ಲ್‌ಆರ್‌ಸಿ’ ಎಂಬ ಕಡತದಲ್ಲಿ ಒಂದು ಸಲ ಬರೆದಿಟ್ಟರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಬರೆದಿಡುವುದು ಒಳ್ಳೆಯದೇ, ನಾನೂ ಬರೆದಿಟ್ಟುಕೊಂಡಿದ್ದೇನೆ. ಆದರೆ ಅದು ಆ ಒಬ್ಬ ಬಳಕೆದಾರನಿಗೆ ಮಾತ್ರ ಅನ್ವಯಿಸುತ್ತದೆ. ಅದೇ ಯಂತ್ರದಲ್ಲಿ ರೂಟ್ ಹೆಸರಿನಲ್ಲಿ ಓಡುವ ಕ್ರಾನ್ ಕೆಲಸ ಅದನ್ನು ಓದುವುದಿಲ್ಲ, ಲಿಬ್‌ಕರ್ಲ್ ಬಳಸುವ ಪಿಎಚ್‌ಪಿ ಪುಟವೂ ಓದುವುದಿಲ್ಲ, ‘-ಕ್ಯೂ’ ಎಂದು ಆರಂಭವಾಗುವ ಕಮಾಂಡ್ ಅದನ್ನು ಬಿಟ್ಟೇ ಮುಂದೆ ಹೋಗುತ್ತದೆ, ಇನ್ನೊಬ್ಬರು ಬರೆದ ಸ್ಕ್ರಿಪ್ಟಿನಲ್ಲಿ ತನ್ನದೇ ‘--ಪ್ರೊಟೊ’ ಇದ್ದರೆ ಕೊನೆಯದಾಗಿ ಬಂದ ಅದೇ ಗೆಲ್ಲುತ್ತದೆ. ಆದ್ದರಿಂದ ಹಂಚುವ ಸ್ಕ್ರಿಪ್ಟಿನೊಳಗೇ ಕಟ್ಟುಪಾಡು ಇರಬೇಕು.

ಕೆಲವು ಕೆಲಸಗಳಿಗೆ ಬೇರೆ ಪ್ರೊಟೊಕಾಲ್ ಬೇಕೇ ಬೇಕಾಗುತ್ತದೆ. ಬ್ಯಾಂಕಿನೊಡನೆ ಕಡತ ಹಂಚಿಕೊಳ್ಳಲು ಎಸ್‌ಎಫ್‌ಟಿಪಿ, ತೋಟದ ತೇವಾಂಶದ ಸೆನ್ಸರಿಗೆ ಎಂಕ್ಯೂಟಿಟಿ, ಹಳೆಯ ರೌಟರಿಗೆ ಟಿಎಫ್‌ಟಿಪಿ. ಅಂಥಲ್ಲಿ ‘=ಎಸ್‌ಎಫ್‌ಟಿಪಿ’ ಎಂದೋ, ಎರಡೂ ಬೇಕಾದರೆ ‘=ಎಚ್‌ಟಿಟಿಪಿಎಸ್,ಎಸ್‌ಎಫ್‌ಟಿಪಿ’ ಎಂದೋ ಬರೆಯಬಹುದು; ಬೇಕಾದದ್ದನ್ನು ಹೆಸರಿಸಿ ಉಳಿದದ್ದನ್ನು ಮುಚ್ಚುವ ಕ್ರಮ ಹಾಗೆಯೇ ಉಳಿಯುತ್ತದೆ. ಎಚ್‌ಟಿಟಿಪಿಎಸ್ ಇಲ್ಲದ ಹಳೆಯ ತಾಣದಿಂದ ಅಂಕಿಅಂಶ ತರಲೇಬೇಕಾದಾಗ ಎಚ್‌ಟಿಟಿಪಿಗೆ ಒಪ್ಪಿಗೆ ಕೊಡಿ, ಆದರೆ ಬಂದದ್ದನ್ನು ಓಡಿಸುವ ಕೆಲಸಕ್ಕೆ ಕೈಹಾಕಬೇಡಿ. ಕರ್ಲ್‌ನಂತೆಯೇ ಫೈಲು ತರುವ ವಿಗೆಟ್ ಬಳಸುವವರು ಅದರ ‘ಎಚ್‌ಟಿಟಿಪಿಎಸ್ ಮಾತ್ರ’ ಎಂಬ ಆಯ್ಕೆ ಲಿಂಕುಗಳನ್ನು ಹಿಂಬಾಲಿಸಿ ಇಡೀ ತಾಣವನ್ನು ಇಳಿಸಿಕೊಳ್ಳುವ ಕ್ರಮಕ್ಕಾಗಿ ಇರುವುದೆಂದು ತಿಳಿದಿರಬೇಕು. ಪ್ರೋಗ್ರಾಮುಗಳ ಆವೃತ್ತಿಗಳನ್ನು ಕಾಪಿಡುವ ಗಿಟ್‌ನಲ್ಲಿಯೂ ಪ್ರೊಟೊಕಾಲ್‌ವಾರು ಒಪ್ಪಿಗೆಯ ವ್ಯವಸ್ಥೆಯಿದೆ. 2022ರ ಅಕ್ಟೋಬರಿನಲ್ಲಿ ಒಂದು ಭದ್ರತಾ ದೋಷದ ನಂತರ ಅಲ್ಲಿ ‘ಫೈಲ್’ ಪ್ರೊಟೊಕಾಲಿನ ಒಪ್ಪಿಗೆಯನ್ನು ಮೊದಲಿಗಿಂತ ಬಿಗಿಗೊಳಿಸಿದರು.

ತಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ಆ ಲೇಖನದ ಕಮಾಂಡನ್ನು ಮುಂದಿನ ವಿದ್ಯಾರ್ಥಿ ಪುಟದಲ್ಲಿ ‘=ಎಚ್‌ಟಿಟಿಪಿಎಸ್’ ಸಹಿತವಾಗಿ ಮತ್ತೊಮ್ಮೆ ಪ್ರಕಟಿಸಬೇಕು. ಮುಂದೆ ಇಂಥ ಕಮಾಂಡುಗಳನ್ನು ಅಚ್ಚು ಹಾಕುವಾಗ ಸಮ ಚಿಹ್ನೆ ಮತ್ತು ಉದ್ಧರಣ ಚಿಹ್ನೆಗಳು ಪುಟವಿನ್ಯಾಸದಲ್ಲಿ ಕಳೆದುಹೋಗದಂತೆ, ಎರಡು ಕಿರುಗೆರೆಗಳು ಸೇರಿ ಒಂದು ಉದ್ದ ಗೆರೆಯಾಗದಂತೆ ಕರಡು ತಿದ್ದುವವರು ನೋಡಿಕೊಳ್ಳಬೇಕು. ಜಿಲ್ಲೆಯ ಸಹಕಾರಿ ಸಂಘಗಳ ಮತ್ತು ಶಿಕ್ಷಣ ಸಂಸ್ಥೆಗಳ ಆಡಳಿತ ಮಂಡಳಿಗಳಿಗೂ ಈ ಮೂಲಕ ಒಂದು ಮನವಿ: ತಂತ್ರಾಂಶ ಒದಗಿಸುವವರೊಡನೆ ಮುಂದಿನ ಕರಾರು ಮಾಡಿಕೊಳ್ಳುವಾಗ, ಹೊರಗಿನಿಂದ ಫೈಲು ತರುವ ಪ್ರತಿಯೊಂದು ಸ್ಕ್ರಿಪ್ಟಿನಲ್ಲೂ ಒಪ್ಪಿಗೆಯಿರುವ ಪ್ರೊಟೊಕಾಲ್‌ಗಳನ್ನು ಹೆಸರಿಸಿರಬೇಕು, ರೀಡೈರೆಕ್ಟಿಗೂ ಅದು ಅನ್ವಯಿಸಬೇಕು, ‘-ಕೆ’ ಇರಕೂಡದು, ಎಚ್‌ಟಿಟಿಪಿ ವಿಳಾಸ ಕೊಟ್ಟಾಗ ಸ್ಕ್ರಿಪ್ಟ್ ನಿಲ್ಲುವುದನ್ನು ನಮ್ಮ ಎದುರಿಗೇ ತೋರಿಸಬೇಕು ಎಂಬ ಷರತ್ತುಗಳನ್ನು ಬರೆಸಿಕೊಳ್ಳಿ. ಈಗಾಗಲೇ ಓಡುತ್ತಿರುವ ಸ್ಕ್ರಿಪ್ಟುಗಳಿಗೆ ಇದನ್ನು ಸೇರಿಸಲು ಹೊಸ ಯಂತ್ರವಾಗಲಿ, ಹೊಸ ಪರವಾನಗಿಯಾಗಲಿ ಬೇಕಿಲ್ಲ. ಸಂಸ್ಥೆಯ ಸರ್ವರಿನಲ್ಲಿ ಕರ್ಲ್ ಎಂಬ ಪದವಿರುವ ಸಾಲುಗಳನ್ನೆಲ್ಲ ಹುಡುಕಿ ತೆಗೆದು ಒಂದೊಂದನ್ನೇ ಓದುವುದರಿಂದ ಕೆಲಸವನ್ನು ಆರಂಭಿಸಬಹುದು, ಮತ್ತು ಕ್ರಾನ್‌ನಲ್ಲಿ ರೂಟ್ ಹೆಸರಿನಲ್ಲಿ ಓಡುವ ಸಾಲುಗಳನ್ನು ಎಲ್ಲಕ್ಕಿಂತ ಮೊದಲು ನೋಡಬೇಕು.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ಶಿರಸಿ